ಆಟದ ಪೆಟ್ಟಿಗೆ ಕೊಳ್ಳುವ ಮೊದಲು

ಚಿಕ್ಕಮಗಳೂರು

ಚಿ. ಕಾವ್ಯಾಳಿಗೆ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಹಾಸನದ ನಿನ್ನ ಫಿಜಿಯೋ ಕೋಣೆಯ ಮಕ್ಕಳಿಗೆ ಟಿವಿಯಲ್ಲಿ ಆಡಿಸಲು ನಿಂಟೆಂಡೊದ ಹಳೇ ವೀ (Wii) ಕೊಳ್ಳಲೋ, ಮೈಯ ಚಲನೆಯನ್ನು ಕ್ಯಾಮೆರಾದಿಂದ ನೋಡುವ ಕಿನೆಕ್ಟ್ ಕೊಳ್ಳಲೋ ಎಂದು ಕೇಳಿದ್ದೀಯ. ವೀ ತಗೋ, ಮೇಲೆ ನಿಂತು ಆಡುವ ಬ್ಯಾಲೆನ್ಸ್ ಬೋರ್ಡ್ ಸಮೇತ. ಕಿನೆಕ್ಟ್‌ನಲ್ಲಿ ಕೈಗೆ ಏನೂ ಹಿಡಿಯದೆ ಆಡಬಹುದು, ನಿಜ. ಆದರೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲು, ಮೈ ಹಿಡಿತಕ್ಕೆ ಬಾರದ ತೊಂದರೆ) ಇರುವ ಎಷ್ಟೋ ಮಕ್ಕಳನ್ನು ಹಿಂದೆ ನಿಂತು ಸೊಂಟ ಹಿಡಿದೇ ಆಡಿಸಬೇಕು. ಆಗ ಅದರ ಕ್ಯಾಮೆರಾಕ್ಕೆ ಇಬ್ಬರ ಮೈ ಬೆರೆತು, ಪರದೆಯ ಗೊಂಬೆ ಎಲ್ಲೆಲ್ಲೋ ಕೈ ಬೀಸುತ್ತದೆ. ಎದುರಿಗೆ ಆರಡಿ ಖಾಲಿ ಜಾಗವೂ ಬೇಕು.

ಬೋರ್ಡಿನ ನಾಲ್ಕು ಮೂಲೆಗೂ ತೂಕದ ಸೆನ್ಸರ್ ಇದೆ. ಭಾರ ಯಾವ ಕಾಲಿಗೆ ಬಿತ್ತು ಅನ್ನುವುದು ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ ಓಡಾಡುತ್ತದೆ. ಬೋರ್ಡನ್ನು ಗಟ್ಟಿ ನೆಲದ ಮೇಲೇ ಇಡು. ಮೆತ್ತನೆ ಮ್ಯಾಟಿನ ಮೇಲಿಟ್ಟರೆ ಲೆಕ್ಕ ಕೆಡುತ್ತದೆ. ಮ್ಯಾಟ್ ಸುತ್ತಲೂ ಹಾಸು. ಕಾಲುಚೀಲದಲ್ಲಿ ಹತ್ತಿಸಬೇಡ, ಜಾರುತ್ತದೆ. ವಾಕರ್ ಬಿಗಿಯಾಗಿ ಹಿಡಿದರೆ ಭಾರ ಕೈಗೆ ಹೋಗಿ ಚುಕ್ಕೆ ಸುಳ್ಳು ಹೇಳುತ್ತದೆ, ಬೆರಳ ತುದಿ ತಾಗಿದರೆ ಸಾಕು. ಇನ್ನೂ ದೊಡ್ಡ ಸುಳ್ಳೊಂದಿದೆ: ಬಲಗಾಲು ಸೋತ ಮಗು ಸೊಂಟವನ್ನು ಇದ್ದಲ್ಲೇ ಬಿಟ್ಟು ಭುಜವನ್ನಷ್ಟೇ ಬಲಕ್ಕೆ ವಾಲಿಸುತ್ತದೆ, ಇಲ್ಲವೇ ಮಂಡಿಯನ್ನು ಹಿಂದಕ್ಕೆ ಲಾಕ್ ಮಾಡಿ ನಿಲ್ಲುತ್ತದೆ. ಚುಕ್ಕೆ ಬಲಕ್ಕೆ ಹೋಗುತ್ತದೆ, ಅಂಕವೂ ಬರುತ್ತದೆ, ಕಾಲು ಮಾತ್ರ ಏನೂ ಕಲಿತಿರುವುದಿಲ್ಲ. ಪರದೆ ನೋಡುವುದು ಮಗುವಿನ ಕೆಲಸ. ನಿನ್ನ ಕಣ್ಣು ಅದರ ಸೊಂಟದ ಮೇಲಿರಲಿ, ಕೈಯೂ ಅಲ್ಲೇ.

ಟಿವಿಯನ್ನು ಗೋಡೆಯ ಮೇಲುಗಡೆ ಮೊಳೆ ಹೊಡೆದು ಕೂರಿಸಬೇಡ. ಕತ್ತೆತ್ತಿ ನೋಡಿದ ಕೂಡಲೇ ಕೆಲವು ಮಕ್ಕಳ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಸೆಟೆಯುತ್ತದೆ. ಕಣ್ಣಿನ ಮಟ್ಟಕ್ಕೆ, ನಟ್ಟನಡುವೆ ಇರಲಿ. ಪಕ್ಕಕ್ಕಿದ್ದರೆ ಮುಖ ತಿರುಗಿದ ಕಡೆಯ ಕೈ ನೀಳವಾಗಿ, ಇನ್ನೊಂದು ಮಡಚಿಕೊಂಡೀತು.

ಇನ್ನು ವೀ ರಿಮೋಟ್ ಹಿಡಿದು ಬೀಸುವ ಕೈಯಾಟ. ಟೆನಿಸ್‌ಗೆ ಮಣಿಕಟ್ಟು ಸ್ವಲ್ಪ ಒದರಿದರೂ ಚೆಂಡು ಹೋಗುತ್ತದೆ; ಮಕ್ಕಳಿಗೆ ಈ ಗುಟ್ಟು ನಮಗಿಂತ ಮೊದಲೇ ಗೊತ್ತಾಗುತ್ತದೆ! ಬೌಲಿಂಗ್‌ನಲ್ಲಿ ರಿಮೋಟಿನ ಅಡಿಭಾಗದ ಬಟನ್ ಒತ್ತಿ ಹಿಡಿದು, ಬೀಸುವಾಗ ಬಿಡಬೇಕು. ಬಿಗಿದ ಕೈಗೆ ಹಿಡಿಯುವುದು ಸುಲಭ, ಬಿಡುವುದೇ ಕಷ್ಟ. ಅದನ್ನೇ ಕಲಿಸುವುದಾದರೆ ಬೌಲಿಂಗ್ ಒಳ್ಳೆಯದು, ಇಲ್ಲವಾದರೆ ರಿಮೋಟನ್ನು ಕ್ರೇಪ್ ಬ್ಯಾಂಡೇಜಿನಿಂದ ಅಂಗೈಗೆ ಸುತ್ತಿ ಬಟನ್ ಬೇಡದ ಆಟ ಕೊಡು. ಬಾಕ್ಸಿಂಗ್ ಎರಡೂ ಕೈಗೆ ಕೆಲಸ ಕೊಡುತ್ತದೆ, ಆದರೆ ಹುರುಪು ಏರಿದಷ್ಟೂ ಟೋನ್, ಅಂದರೆ ಸ್ನಾಯುವಿನ ಬಿಗಿತ, ಏರುತ್ತದೆ. ಯಾವ ಆಟದಲ್ಲೇ ಆಗಲಿ, ಆಡದ ಕೈ ಮುಷ್ಟಿ ಕಟ್ಟಿತು, ಹಿಮ್ಮಡಿ ಮೇಲೆದ್ದಿತು ಎಂದರೆ ಆ ಸುತ್ತು ಅಲ್ಲಿಗೇ ನಿಲ್ಲಿಸು.

ಮೀನಖಂಡ, ತೊಡೆಗಳ ಸ್ಟ್ರೆಚಿಂಗ್ ಮುಗಿದ ಮೇಲೇ ಆಟ, ಅದೂ ಇಪ್ಪತ್ತು ನಿಮಿಷ. ಫಿಟ್ಸ್ ಇದೆಯಾ ಅಂತ ಮೊದಲೇ ಕೇಳು. ಈ ಮಕ್ಕಳಲ್ಲಿ ಅದು ಅಪರೂಪವಲ್ಲ. ಮಿಣುಕು ಬೆಳಕಿಗೆ ಬರುವಂಥದ್ದಾದರೆ ಪರದೆಯ ಆಟವೇ ಬೇಡ.

ಸಕಲೇಶಪುರ, ಆಲೂರಿನಿಂದ ಬಸ್ಸು ಹತ್ತಿ ಬರುವವರು ವಾರಕ್ಕೊಮ್ಮೆ ಬಂದರೆ ಹೆಚ್ಚು. ಅವರ ಮನೆಯಲ್ಲಿ ಅಳಗುಳಿ ಮಣೆ ಇದ್ದರೆ ಅಟ್ಟದಿಂದ ಇಳಿಸಲು ಹೇಳು. ಹದಿನಾಲ್ಕು ಗುಳಿಗೂ ಸೋತ ಕೈಯಿಂದಲೇ ಒಂದೊಂದಾಗಿ ಕಾಯಿ ಬಿಡುತ್ತಾ ಹೋಗಲಿ. ಮೊದಲು ಗಜ್ಜುಗ, ಕೈ ಸಡಿಲವಾದ ಮೇಲೆ ಹುಣಸೆ ಬೀಜ. ಬಾಯಿಗೆ ಹಾಕುವ ವಯಸ್ಸಿನ ಮಗುವಾದರೆ ಯಾರಾದರೂ ಪಕ್ಕದಲ್ಲೇ ಕೂರಬೇಕು.

ನಿನ್ನ ದೊಡ್ಡಮ್ಮ