ಕೈಪಟ್ಟಿ ಬಿಟ್ಟು ಸೊಂಟಕ್ಕೆ: ನಿಮ್ಮ ನಡಿಗೆ ವರದಿ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಿಮ್ಮ ನಡಿಗೆಯನ್ನು ನಾವು ಮಣಿಕಟ್ಟಿಗೆ ಕಟ್ಟುವ ಪಟ್ಟಿಯಿಂದ ಅಳೆಯುವುದಿಲ್ಲ. ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರ್ ಒಂದನ್ನು ಬೆಲ್ಟಿನಲ್ಲಿ ಸಿಕ್ಕಿಸಿ ಸೊಂಟದ ಹಿಂದೆ ಕಟ್ಟಿಕೊಂಡರೆ ಸಾಕು. ಇದಕ್ಕೆ ನೀವು ಹೆಚ್ಚಿಗೆ ಹಣ ಕೊಡಬೇಕಿಲ್ಲ.

ಯಾಕೆ ಈ ಬದಲಾವಣೆ ಅಂತ ಹೇಳಲೇಬೇಕು. ಪಾರ್ಕಿನ್ಸನ್ (ಚಲನೆ ನಿಧಾನವಾಗುವ, ಕೈ ನಡುಗುವ ನರರೋಗ) ಇರುವ ನಮ್ಮ ಗ್ರಾಹಕರೊಬ್ಬರ ಮನೆಗೆ ಹೋಗಿದ್ದೆವು. ಅವರು ವಾಕರ್ ಹಿಡಿದು ಹಾಸಿಗೆಯಿಂದ ಬಾಗಿಲವರೆಗೆ ನಡೆದರು. ಪುಟ್ಟ ಪುಟ್ಟ ಹೆಜ್ಜೆ, ಪಾದ ನೆಲಕ್ಕೆ ಉಜ್ಜುವ ಸದ್ದು. ನಾವು ಎಣಿಸಿದ್ದು 22 ಹೆಜ್ಜೆ, ಪಟ್ಟಿ ತೋರಿಸಿದ್ದು 4. ಆಮೇಲೆ ಅವರು ಕುರ್ಚಿಯಲ್ಲಿ ಕೂತರು. ಕೈ ನಡುಗುತ್ತಿತ್ತು. ಆಗ ಪಟ್ಟಿಯಲ್ಲಿ ಹೆಜ್ಜೆ ಏರತೊಡಗಿತು. ಅಷ್ಟು ಕಷ್ಟಪಟ್ಟು ನಡೆದದ್ದೇ ಲೆಕ್ಕಕ್ಕೆ ಬರದಿದ್ದರೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ? ಇದನ್ನು ನಾವು ಮೊದಲೇ ಗಮನಿಸಬೇಕಿತ್ತು. ಕ್ಷಮಿಸಿ.

ಪಟ್ಟಿ ಕೈ ಬೀಸುವುದನ್ನು ನೋಡಿ ಹೆಜ್ಜೆ ಊಹಿಸುತ್ತದೆ. ವಾಕರ್ ಹಿಡಿದ ಕೈ ಬೀಸುವುದಿಲ್ಲ. ಪಾರ್ಕಿನ್ಸನ್‌ನಲ್ಲಿ ಕೈ ಬೀಸುವುದು ಶುರುವಿನಲ್ಲೇ ಕಡಿಮೆಯಾಗುತ್ತದೆ, ಎಷ್ಟೋ ಸಲ ಒಂದೇ ಕಡೆ. ಸ್ಟ್ರೋಕ್ ಆದವರಿಗೆ ಒಂದು ಕೈ ಬಿಗಿದುಕೊಂಡಿರಬಹುದು. ಸೊಂಟ ಹಾಗಲ್ಲ. ಯಾವ ಕಾಲು ಮುಂದಿಟ್ಟರೂ ಅದು ಸ್ವಲ್ಪ ಏರಿ ಇಳಿಯುತ್ತದೆ. ಆ ಅಲುಗಾಟವನ್ನು ಹೊಸ ಸೆನ್ಸರ್ ಸೆಕೆಂಡಿಗೆ 100 ಸಲ ಬರೆದುಕೊಳ್ಳುತ್ತದೆ. 2019ರಲ್ಲಿ ಯೂರೋಪಿನಲ್ಲಿ ಶುರುವಾದ ಮೊಬಿಲೈಸ್-ಡಿ ಅಧ್ಯಯನದಲ್ಲೂ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳಿಗೆ ಬರುವ ಕಾಯಿಲೆ) ಇರುವವರ ಸೊಂಟದ ಹಿಂದೆ ಒಂದೇ ಸೆನ್ಸರ್ ಇಟ್ಟು, ಅವರು ದಿನವಿಡೀ ಓಡಾಡುವುದನ್ನು ಅಳೆದರು.

ಈಗ ಮುಖ್ಯವಾದ ಮಾತು. ಹೊಸ ವರದಿಯಲ್ಲಿ ಕೆಲವರ ಹೆಜ್ಜೆ ಒಮ್ಮೆಲೇ ಜಾಸ್ತಿ ಕಾಣುತ್ತದೆ, ಕೆಲವರದು ಕಡಿಮೆ. ಕಡಿಮೆ ಕಂಡ ಕೂಡಲೇ ಕಾಯಿಲೆ ಹೆಚ್ಚಾಯಿತು ಅಂತ ಗಾಬರಿಯಾಗಬೇಡಿ. ಬದಲಾಗಿದ್ದು ಅಳತೆ. ಸಾಧನ ಬದಲಾದ ದಿನ ವರದಿಯಲ್ಲಿ ದಪ್ಪ ಗೆರೆ ಎಳೆದಿರುತ್ತೇವೆ. ಗೆರೆಯ ಆಚೆಯ ಸಂಖ್ಯೆಯನ್ನು ಈಚೆಯದರ ಜೊತೆ ಹೋಲಿಸಬೇಡಿ, ಡಾಕ್ಟರಿಗೂ ಈ ಪತ್ರ ತೋರಿಸಿ. ಮೊದಲ 7 ದಿನ ಪಟ್ಟಿ ಮತ್ತು ಸೆನ್ಸರ್ ಎರಡನ್ನೂ ಹಾಕಿಕೊಂಡರೆ ನಿಮ್ಮ ವಿಷಯದಲ್ಲಿ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿ ಕೊಡುತ್ತೇವೆ.

ವರದಿಯ ಮೊದಲ ಪುಟದಲ್ಲಿ ಇನ್ನು ಮುಂದೆ ನಡಿಗೆಯ ವೇಗ, ಒಂದು ಹೆಜ್ಜೆಗೂ ಇನ್ನೊಂದಕ್ಕೂ ಇರುವ ಸಮಯದ ಏರುಪೇರು, ತಿರುಗಲು ಹಿಡಿದ ಹೊತ್ತು ಇರುತ್ತದೆ. ಒಟ್ಟು ಹೆಜ್ಜೆ ಎರಡನೇ ಪುಟಕ್ಕೆ ಹೋಗಿದೆ. ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರು ಎಲ್ಲರೂ ಸ್ವಲ್ಪ ಚೆನ್ನಾಗಿಯೇ ನಡೆಯುತ್ತಾರೆ. ಮನೆಯಲ್ಲಿ, ಯಾರೂ ನೋಡದಾಗ, ಏನೋ ಯೋಚಿಸುತ್ತಾ ನಡೆಯುವ ನಡಿಗೆಯೇ ಬೇರೆ. ನಮಗೆ ಬೇಕಿರುವುದು ಅದೇ.

ಒಂದು ಕೊರತೆ ಉಳಿದಿದೆ. ಬಾಗಿಲ ಬಳಿ, ತಿರುಗುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದಲ್ಲ, ಅದನ್ನು ಸೊಂಟದ ಸೆನ್ಸರ್ ಸುಮ್ನೆ ನಿಂತಿದ್ದೀರಿ ಅಂತ ತಿಳಿಯಬಹುದು. ಹಾಗಾದಾಗ ಸೆನ್ಸರಿನ ಗುಂಡಿ ಒಮ್ಮೆ ಒತ್ತಿ, ಆಗದಿದ್ದರೆ ಮನೆಯವರು ಗಂಟೆ ಬರೆದಿಡಲಿ. ಮಾತ್ರೆ ನುಂಗಿದ ಹೊತ್ತನ್ನೂ ಬರೆಯಿರಿ. ಮಾತ್ರೆಯ ಬಲ ಇಳಿದಾಗ ನಡಿಗೆ ಹೇಗೆ ಕುಗ್ಗುತ್ತದೆ ಅಂತ ಆಗಲೇ ಗೊತ್ತಾಗುವುದು.

ಸ್ನಾನಕ್ಕೆ ಮುಂಚೆ ಬೆಲ್ಟ್ ಬಿಚ್ಚಿಡಿ. ಹಳೆ ಪಟ್ಟಿ ವಾಪಸ್ ಕಳಿಸುವ ಕವರ್ ಹೊಸ ಡಬ್ಬದಲ್ಲೇ ಇದೆ.

ನಿಮ್ಮ,
ನಡಿಗೆ ಮಾಪನ ತಂಡ