ಕಂಪ್ಯೂಟರಿನಿಂದ ಮೋಟಾರು ವೇಗ ನಿಯಂತ್ರಿಸುವ ಕಿಟ್: ದೋಷಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: 12 ವೋಲ್ಟ್ ಡಿಸಿ ಮೋಟಾರು ಕಿಟ್ (6 ಸೆಟ್) ಬೋರ್ಡು ಬದಲಿಸಿಕೊಡುವ ಅಥವಾ ಹಣ ಹಿಂದಿರುಗಿಸುವ ಕುರಿತು

ಮಾನ್ಯರೇ,

ನಮ್ಮ ಪಾಲಿಟೆಕ್ನಿಕ್‌ನ ಎಲೆಕ್ಟ್ರಿಕಲ್ ಲ್ಯಾಬಿಗೆ ತಾವು ಕಳಿಸಿದ ಆರು ಕಿಟ್‌ಗಳ ಪೈಕಿ ಎರಡರಲ್ಲಿ ಮಾಸ್‌ಫೆಟ್ (ಮೋಟಾರಿನ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆಗಿ ಸದಾ ಆನ್ ಆಗಿಯೇ ಉಳಿದಿದೆ. ಪರದೆಯ ಮೇಲೆ ಸ್ಲೈಡರನ್ನು ಸೊನ್ನೆಗೆ ಎಳೆದರೂ ಮೋಟಾರು ಪೂರ್ತಿ 3000 ಆರ್‌ಪಿಎಂನಲ್ಲೇ (ನಿಮಿಷಕ್ಕೆ ಸುತ್ತು) ಓಡುತ್ತದೆ. ವಿನ್ಯಾಸವೇ ತಪ್ಪಾಗಿರುವುದರಿಂದ ಉಳಿದ ನಾಲ್ಕಕ್ಕೂ ಇದೇ ಗತಿ.

ಮೊದಲು ಡಯೋಡ್ ನೋಡಿ. 5 ಆಂಪಿಯರ್ ಮೋಟಾರಿಗೆ ಅಡ್ಡಲಾಗಿ ಹಾಕಿರುವುದು 1ಎನ್4007. ಅದರ ಸಾಮರ್ಥ್ಯ 1 ಆಂಪಿಯರ್. 50% ಪಿಡಬ್ಲ್ಯುಎಂನಲ್ಲಿ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ವೇಗ ನಿಯಂತ್ರಿಸುವ ವಿಧಾನ; ಇಲ್ಲಿ ಅರ್ಧ ಸಮಯ ಆನ್) ಪೂರ್ಣ ಲೋಡ್ ಇದ್ದರೆ ಅದರ ಮೂಲಕ ಸರಾಸರಿ 2.5 ಆಂಪಿಯರ್ ಹರಿಯುತ್ತದೆ. ಡಯೋಡ್ ಸುಟ್ಟು ಓಪನ್ ಆದ ಮೇಲೆ ಮೋಟಾರು ಕಾಯಿಲಿನ ವೋಲ್ಟೇಜ್ ಸ್ಪೈಕ್ (ಕ್ಷಣಿಕ ಏರಿಕೆ) ನೇರವಾಗಿ ಮಾಸ್‌ಫೆಟ್ ಮೇಲೆ ಬೀಳುತ್ತದೆ. ಎಂಬಿಆರ್1045ರಂಥ 10 ಆಂಪಿಯರ್ ಶಾಟ್ಕಿ ಡಯೋಡ್ ಹಾಕಿದ್ದರೆ ಈ ಪತ್ರದ ಅರ್ಧ ಭಾಗ ಬೇಕಿರಲಿಲ್ಲ.

ಮಾಸ್‌ಫೆಟ್‌ಗೂ ಅನ್ಯಾಯವಾಗಿದೆ. ಬೋರ್ಡಿನಲ್ಲಿರುವ ಮಾಸ್‌ಫೆಟ್ ಐಆರ್‌ಎಫ್‌ಝಡ್44ಎನ್‌ನ ಡೇಟಾಶೀಟಿನಲ್ಲಿರುವ 17.5 ಮಿಲಿಓಮ್ ಆನ್-ರೋಧ, ಗೇಟಿಗೆ (ಅದನ್ನು ಆನ್-ಆಫ್ ಮಾಡುವ ಕಾಲು) 10 ವೋಲ್ಟ್ ಕೊಟ್ಟಾಗಿನ ಲೆಕ್ಕ. ತಾವು ಅದಕ್ಕೆ ನ್ಯಾನೋ ಬೋರ್ಡಿನ (ಕಂಪ್ಯೂಟರಿನ ಆದೇಶದಂತೆ ಪಿಡಬ್ಲ್ಯುಎಂ ಕೊಡುವ ಪುಟ್ಟ ಆರ್ಡುಯಿನೋ) 5 ವೋಲ್ಟ್ ಪಿನ್ನನ್ನೇ ಜೋಡಿಸಿದ್ದೀರಿ. ಮಾಸ್‌ಫೆಟ್ ಅರೆಬರೆ ಆನ್ ಆಗಿ ಬಿಸಿಯಾಗುತ್ತದೆ. ಹೀಟ್‌ಸಿಂಕ್ ಕೂಡ ಇಲ್ಲ.

ಕಂಪ್ಯೂಟರಿಗೂ ಮೋಟಾರಿಗೂ ನಡುವೆ ಆಪ್ಟೊ (ತಂತಿಯ ಸಂಪರ್ಕವಿಲ್ಲದೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಚಿಪ್) ಇದೆ ಎಂದು ಕೈಪಿಡಿ ಹೇಳುತ್ತದೆ. ಬೋರ್ಡಿನಲ್ಲಿ ‘ಯು2’ ಎಂದು ಅಚ್ಚಾಗಿರುವ ಜಾಗದಲ್ಲಿ ಆಪ್ಟೊ ಇಲ್ಲ. ರೆಸಿಸ್ಟರಿನ ಕಾಲು ಕತ್ತರಿಸಿದ ಎರಡು ತುಂಡುಗಳನ್ನು ಅಡ್ಡಲಾಗಿಟ್ಟು ಬೆಸುಗೆ ಹಾಕಲಾಗಿದೆ. ಹೀಗಾಗಿ ಬ್ರಷ್ಷಿನ ಕಿಡಿಯ ನಾಯ್ಸ್ ಯುಎಸ್‌ಬಿಗೆ ನುಗ್ಗಿ, ಓಡುತ್ತಿರುವಾಗಲೇ ಕಾಮ್ ಪೋರ್ಟ್ (ಕಂಪ್ಯೂಟರ್ ನ್ಯಾನೋ ಜೊತೆ ಮಾತಾಡುವ ದಾರಿ) ಮಾಯವಾಗುತ್ತದೆ. ಆಗ ನಿಲ್ಲಬೇಕಾದ ಮೋಟಾರು ನಿಲ್ಲುವುದಿಲ್ಲ. ನ್ಯಾನೋಗೆ ಕರೆಂಟು 12 ವೋಲ್ಟ್ ಲೈನಿನಿಂದಲೇ ಬರುವುದರಿಂದ ಅದು ಕೊನೆಯ ಪಿಡಬ್ಲ್ಯುಎಂ ಕೊಡುತ್ತಲೇ ಇರುತ್ತದೆ. ವಿಂಡೋಸ್ ಸ್ಲೀಪ್‌ಗೆ ಹೋದರೂ ಇದೇ ಕಥೆ. ಕಂಪ್ಯೂಟರ್ 100 ಮಿಲಿಸೆಕೆಂಡಿಗೊಮ್ಮೆ ವೇಗದ ಆದೇಶ ಕಳಿಸಬೇಕು, 500 ಮಿಲಿಸೆಕೆಂಡ್ ಏನೂ ಬರದಿದ್ದರೆ ನ್ಯಾನೋ ತಾನಾಗಿ ಸೊನ್ನೆಗೆ ಇಳಿಸಬೇಕು. ವಿದ್ಯಾರ್ಥಿಗಳ ಕೈಗೆ ಕೊಡುವ ಉಪಕರಣದಲ್ಲಿ ಇಷ್ಟೂ ಇಲ್ಲದಿರುವುದನ್ನು ಒಪ್ಪಲು ಸಾಧ್ಯವಿಲ್ಲ.

ಇನ್ನೊಂದು ಅಪಾಯ. ಸಾಫ್ಟ್‌ವೇರ್ ಪೋರ್ಟ್ ತೆರೆದ ಕೂಡಲೇ ಡಿಟಿಆರ್ ಎಂಬ ಸಂಕೇತದ ಲೈನ್ ನ್ಯಾನೋವನ್ನು ರೀಸೆಟ್ ಮಾಡುತ್ತದೆ. ಬೂಟ್‌ಲೋಡರ್ (ನ್ಯಾನೋದ ಆರಂಭಿಕ ಪ್ರೋಗ್ರಾಂ) ಮುಗಿಯುವವರೆಗೆ ಪಿನ್ ಇನ್‌ಪುಟ್ ಆಗಿರುತ್ತದೆ, ಗೇಟ್ ಯಾವ ವೋಲ್ಟೇಜಿಗೂ ಕಟ್ಟುಬೀಳದೆ ತೇಲುತ್ತದೆ, ಮೋಟಾರು ತಾನಾಗಿ ಜಿಗಿಯುತ್ತದೆ. ಗೇಟ್ ಮತ್ತು ಸೋರ್ಸ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಒಂದಿದ್ದರೆ ಸಾಕಿತ್ತು.

ಯು2 ಜಾಗಕ್ಕೆ ಪಿಸಿ817 ಎಂಬ ಸಾಮಾನ್ಯ ಆಪ್ಟೊ ಕಳಿಸಿ ಕೈತೊಳೆದುಕೊಳ್ಳಬೇಡಿ. ಕೈಪಿಡಿಯಲ್ಲಿ ಬರೆದಿರುವ 20 ಕಿಲೋಹರ್ಟ್ಸ್ ಪಿಡಬ್ಲ್ಯುಎಂಗೆ ಅದರ ವೇಗ ಸಾಲದು. (ಆಸಿಲೋಸ್ಕೋಪಿನಲ್ಲಿ ಕಾಣುವುದು ನ್ಯಾನೋದ ಡಿಫಾಲ್ಟ್ 490 ಹರ್ಟ್ಸ್, ಮೋಟಾರಿನ ಕುಂಯ್‌ಗುಟ್ಟುವಿಕೆ ಕಿವಿಗೇ ಕೇಳುತ್ತದೆ.) ಗೇಟ್ ನಡೆಸಲೆಂದೇ ಇರುವ ಆಪ್ಟೊ ಟಿಎಲ್‌ಪಿ250 ಹಾಕಿ, ಅದರ 8ನೇ ಪಿನ್ನಿಗೆ 12 ವೋಲ್ಟ್, 5ನೇ ಪಿನ್ನಿಗೆ ಮೋಟಾರು ಕಡೆಯ ಗ್ರೌಂಡ್ ಕೊಟ್ಟು, ಅಲ್ಲೇ ಹತ್ತಿರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಅದರೊಳಗಿನ ಎಲ್‌ಇಡಿ ಕಡೆಗೆ 330 ಓಮ್ ರೆಸಿಸ್ಟರ್. ನ್ಯಾನೋಗೆ ಯುಎಸ್‌ಬಿಯಿಂದಲೇ ಕರೆಂಟು ಕೊಟ್ಟು ಎರಡು ಗ್ರೌಂಡ್‌ಗಳನ್ನೂ ಬೇರೆ ಇಟ್ಟರೆ ಐಸೋಲೇಷನ್ ಮತ್ತು ಗೇಟ್ ವೋಲ್ಟೇಜ್ ಎರಡೂ ಒಟ್ಟಿಗೆ ಸರಿಹೋಗುತ್ತವೆ.

ಜಾಹೀರಾತಿನಲ್ಲಿ ವೇಗದ ನಿಖರತೆ ±1 ಆರ್‌ಪಿಎಂ ಎಂದಿದೆ. ವೇಗ ಅಳೆಯುವ ಚಕ್ರದಲ್ಲಿರುವುದು 20 ಸೀಳು (ಪ್ರತಿ ಸೀಳಿಗೆ ಸೆನ್ಸರಿನಿಂದ ಒಂದು ಪಲ್ಸ್), ಪ್ರೋಗ್ರಾಂ ಎಣಿಸುವುದು 0.1 ಸೆಕೆಂಡ್. ಅಂದರೆ ಒಂದು ಪಲ್ಸ್‌ಗೆ 30 ಆರ್‌ಪಿಎಂ. ಪರದೆಯಲ್ಲಿ 1470, 1500, 1530 ಬಿಟ್ಟರೆ ನಡುವಿನ ಅಂಕಿಯೇ ಬರುವುದಿಲ್ಲ. ಪಲ್ಸ್ ಎಣಿಸುವ ಬದಲು ಒಂದು ಪೂರ್ಣ ಸುತ್ತಿನ ಸಮಯ ಅಳೆದರೆ, 1500ರಲ್ಲಿ ಅದು 40 ಮಿಲಿಸೆಕೆಂಡ್. ನ್ಯಾನೋ 4 ಮೈಕ್ರೋಸೆಕೆಂಡ್ ಹೆಜ್ಜೆಯಲ್ಲಿ ಅಳೆಯಬಲ್ಲದು, ಅದೇ ಸೆನ್ಸರಿನಿಂದ 0.15 ಆರ್‌ಪಿಎಂವರೆಗೂ ಓದಬಹುದು. ಬದಲಾಗಬೇಕಿರುವುದು ಪ್ರೋಗ್ರಾಂ ಮಾತ್ರ.

ಪತ್ರ ತಲುಪಿದ 15 ದಿನಗಳೊಳಗೆ ಮೇಲಿನ ತಿದ್ದುಪಡಿಗಳಿರುವ ಆರು ಬೋರ್ಡುಗಳನ್ನೂ ಹೊಸ ಪ್ರೋಗ್ರಾಮನ್ನೂ ತಮ್ಮ ಖರ್ಚಿನಲ್ಲಿ ಕಳಿಸಿ. ಇಲ್ಲವೇ ಪೂರ್ತಿ ಹಣ ಹಿಂದಿರುಗಿಸಿ. ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ. ಸುಟ್ಟ ಬೋರ್ಡುಗಳ ಫೋಟೊ, ಆಸಿಲೋಸ್ಕೋಪ್ ಚಿತ್ರ ಮತ್ತು ಬಿಲ್ಲಿನ ಪ್ರತಿ ಲಗತ್ತಿಸಿದೆ.

ಇತಿ ತಮ್ಮ ವಿಶ್ವಾಸಿಗಳು,
ಎಲೆಕ್ಟ್ರಿಕಲ್ ಲ್ಯಾಬ್ ಸಿಬ್ಬಂದಿ