ಮಂಡಿಯೂರಿದ ನಾಯಕ

ತೀರ್ಥರೂಪು ಅಪ್ಪನಿಗೆ,

ಬರ್ಲಿನ್‌ನಿಂದ ನಿಮ್ಮ ಮಗಳ ನಮಸ್ಕಾರಗಳು. ಇಲ್ಲಿ ಎಲ್ಲ ಕ್ಷೇಮ. ಚಳಿ ಶುರುವಾಗಿದೆ. ಅಪ್ಪೆಮಿಡಿ ಉಪ್ಪಿನಕಾಯಿ ತಳ ಕಂಡಿದೆ ಅಂತ ಅಮ್ಮನಿಗೆ ಹೇಳಿ.

ಹೋದ ಭಾನುವಾರ ಫೋನಿನಲ್ಲಿ, "ಗಟ್ಟಿ ನಾಯಕ ಅಂದ್ರೆ ಯಾರ ಮುಂದೂ ಬಗ್ಗಬಾರದು" ಅಂದಿರಿ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಗೆ ವೋಟು ಹಾಕಿದವರು ನೀವು, ಇನ್ನೇನು ಹೇಳ್ತೀರಿ! ಆಗ ಸುಮ್ನೆ ಹೂಂ ಅಂದೆ. ಆದರೆ ಈ ಊರಿನ ಮೇಯರ್ ಆಗಿದ್ದ ವಿಲ್ಲಿ ಬ್ರಾಂಟ್ ನೆನಪಾದ. 1969ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್, ಅಂದರೆ ನಮ್ಮ ಪ್ರಧಾನಿಯ ಹಾಗೆ, ಆದವನು.

1970ರ ಡಿಸೆಂಬರ್ 7, ಪೋಲೆಂಡಿನ ರಾಜಧಾನಿ ವಾರ್ಸಾ. ನಾಜಿಗಳ ವಿರುದ್ಧ ಬಂಡೆದ್ದು ಸತ್ತ ಯಹೂದಿಗಳ ಸ್ಮಾರಕ. ಹೂವಿನ ಹಾರದ ರಿಬ್ಬನ್ ಸರಿಮಾಡಿ ಹಿಂದೆ ಸರಿದ ಬ್ರಾಂಟ್, ಒದ್ದೆ ಕಲ್ಲಿನ ಮೇಲೆ ಮಂಡಿಯೂರಿಬಿಟ್ಟ. ಒಂದು ಮಾತೂ ಆಡಲಿಲ್ಲ. ಅವನೇನು ನಾಜಿಯಲ್ಲ ಅಪ್ಪ. ಹಿಟ್ಲರ್ ಬಂದ 1933ರಲ್ಲೇ ನಾರ್ವೆಗೆ ತಪ್ಪಿಸಿಕೊಂಡು ಹೋಗಿದ್ದವನು. ದೇಶ ಬಿಟ್ಟು ಓಡಿದವನು ಅಂತ ಇಲ್ಲಿನವರೇ ಹಂಗಿಸುತ್ತಿದ್ದರು. ಮಾಡದ ತಪ್ಪನ್ನು ಹೆಗಲಿಗೆ ಹಾಕಿಕೊಂಡ.

ಅದೇ ದಿನ ಪೋಲೆಂಡಿನ ಜೊತೆ ಒಪ್ಪಂದಕ್ಕೂ ಸಹಿ ಬಿತ್ತು. ಓಡರ್, ನೈಸೆ ನದಿಗಳೇ ಗಡಿ ಅಂತ ಒಪ್ಪಿಕೊಂಡದ್ದು. ನದಿಯಾಚೆ ಮನೆ, ಜಮೀನು ಕಳೆದುಕೊಂಡು ಬಂದಿದ್ದ ಲಕ್ಷಾಂತರ ಜರ್ಮನ್ನರು ಸುಮ್ಮನಿರುತ್ತಾರಾ? ಪತ್ರಿಕೆಯೊಂದು ಕೇಳಿದಾಗ ಮಂಡಿಯೂರಿದ್ದು ಅತಿಯಾಯಿತು ಅಂದವರು ಶೇ. 48, ಸರಿ ಅಂದವರು ಶೇ. 41. ಪಕ್ಕದ ದೇಶಕ್ಕೆ ಬೈದರೆ ಚಪ್ಪಾಳೆ ಬೀಳುತ್ತದೆ, ಅದಕ್ಕೆ ಧೈರ್ಯ ಜಾಸ್ತಿ ಬೇಡ. ತನ್ನವರ ಕೈಲೇ ಬೈಸಿಕೊಳ್ಳುವುದಕ್ಕೆ ಬೇಕು, ಅಲ್ವಾ? 1972ರ ಏಪ್ರಿಲಿನಲ್ಲಿ ಅವಿಶ್ವಾಸ ಮತ ಬಂದಾಗ ಎರಡೇ ವೋಟಿನಲ್ಲಿ ಉಳಿದುಕೊಂಡ. ಪೂರ್ವ ಜರ್ಮನಿಯ ಗೂಢಚಾರ ಇಲಾಖೆಯೇ ದುಡ್ಡು ಕೊಟ್ಟು ವೋಟು ಕೊಂಡಿತ್ತು ಅಂತ ಆಮೇಲೆ ಬಯಲಾಯಿತು!

ನಮ್ಮ ಕೆಳಗಿನ ಮನೆಯ ಅಜ್ಜಿಗೆ ಮಾತ್ರ ವಾರ್ಸಾಕ್ಕಿಂತ 1963ರ ಕ್ರಿಸ್‌ಮಸ್ ದೊಡ್ಡದು. ಪೂರ್ವ, ಪಶ್ಚಿಮ ಬರ್ಲಿನ್ ನಡುವೆ ಗೋಡೆ ಎದ್ದು ಎರಡು ವರ್ಷ ದಾಟಿತ್ತು. ಮೇಯರ್ ಬ್ರಾಂಟ್ ಪೂರ್ವದವರ ಜೊತೆ ಮಾತುಕತೆ ನಡೆಸಿ, ಹಬ್ಬಕ್ಕೆ ಆಚೆಯ ನೆಂಟರನ್ನು ನೋಡಿ ಬರಲು ಪಾಸು ಕೊಡಿಸಿದ. ಹತ್ತು ವರ್ಷದ ಈ ಅಜ್ಜಿ ಚಳಿಯಲ್ಲಿ ಅವರಮ್ಮನ ಜೊತೆ ಗಂಟೆಗಟ್ಟಲೆ ಸಾಲು ನಿಂತಿದ್ದರಂತೆ. ಚೀಲದಲ್ಲಿ ಕಾಫಿಪುಡಿ, ಕಿತ್ತಳೆ. ಚಿಕ್ಕಮ್ಮ ಬಾಗಿಲು ತೆಗೆದವರು ಮೊದಲು ಕಿತ್ತಳೆ ಮೂಸಿ ನೋಡಿ, ಆಮೇಲೆ ಅತ್ತರಂತೆ.

ಹಾಗಂತ ಅವನನ್ನು ದೇವರ ಕೋಣೆಯಲ್ಲಿ ಕೂರಿಸಬೇಕಿಲ್ಲ. 1972ರಲ್ಲಿ ತೀವ್ರ ಎಡಪಂಥದ ಹುಡುಗರಿಗೆ ಮೇಷ್ಟ್ರ ಕೆಲಸವೂ ಸಿಗದಂಥ ಆದೇಶಕ್ಕೆ ಇವನೇ ಒಪ್ಪಿಗೆ ಕೊಟ್ಟ. ಹೊರಗೆ ಅಷ್ಟು ಧೈರ್ಯ ತೋರಿದವನು ಮನೆಯೊಳಗೆ ಹೆದರಿದ. ತಪ್ಪಾಯಿತು ಅಂತ ಆಮೇಲೆ ಒಪ್ಪಿಕೊಂಡ, ಆದರೆ ಕೆಲಸ ಹೋದವರಿಗೆ ಅದರಿಂದೇನು ಬಂತು? 1974ರಲ್ಲಿ ತನ್ನ ಆಪ್ತ ಸಹಾಯಕನೇ ಪೂರ್ವದ ಗೂಢಚಾರ ಅಂತ ಗೊತ್ತಾಗಿ ರಾಜೀನಾಮೆ ಕೊಟ್ಟ.

ಅಂದ ಹಾಗೆ, ನಿಮ್ಮ ಇಂದಿರಾ 1971ರ ನವೆಂಬರಿನಲ್ಲಿ ಪಶ್ಚಿಮ ಜರ್ಮನಿಯ ಆಗಿನ ರಾಜಧಾನಿ ಬಾನ್‌ಗೆ ಬಂದು ಇವನನ್ನೇ ಭೇಟಿಯಾಗಿದ್ದರು, ಬಾಂಗ್ಲಾ ನಿರಾಶ್ರಿತರ ಗೋಳಿನ ನಡುವೆ. ಆಗ ನಮ್ಮ ಪೇಪರಿನಲ್ಲಿ ಏನು ಬಂದಿತ್ತು? ಅಟ್ಟದ ಮೇಲಿನ ಹಳೇ ಕಟ್ಟು ಗೆದ್ದಲಿಗೆ ಹೋಗದೆ ಉಳಿದಿದ್ದರೆ ಭಾನುವಾರದೊಳಗೆ ಹುಡುಕಿಡಿ.

ಇಂತಿ ನಿಮ್ಮ ಮಗಳು